ಫತೆ ಸಲಾಮತ್, ಮೊದಲ ಮಹಡಿ

ಖೀಮಜಿಗೆ ಸಿಟ್ಟು ಬರಲು ಸಾಮಾನ್ಯವಾಗಿ ಕಾರಣ ಬೇಕಾಗಿರಲಿಲ್ಲ. ಆದರೆ ಶ್ರಾವಣದ ಆ ಮೊದಲ ಸೋಮವಾರ ಕಾರಣವೇ ಅವನನ್ನು ಹುಡುಕಿಕೊಂಡು ಬಂದು, ಹಡಗಿನ ಹೊಟ್ಟೆಗೆ ಗೋಂದಿನಿಂದ ಅಂಟಿಕೊಂಡು ಕೂತಿತ್ತು. ಪುರಸಭೆಯ ಮೊಹರಿದ್ದ ನೋಟೀಸು. "ನದೀದಂಡೆಯ ಮೇಲೆ ಅನುಮತಿಯಿಲ್ಲದೆ ಎಬ್ಬಿಸಿರುವ ಈ ಮರದ ಕಟ್ಟಡವನ್ನು ಹದಿನೈದು ದಿನಗಳೊಳಗೆ ಕೆಡವತಕ್ಕದ್ದು. ತಪ್ಪಿದಲ್ಲಿ ಪುರಸಭೆಯೇ ಕೆಡವುವುದು."

ಖೀಮಜಿ ಅದನ್ನು ಮೂರು ಸಲ ಓದಿದ. ಮೂರನೆಯ ಸಲ ಜೋರಾಗಿ ಓದಿದ್ದರಿಂದ ನದಿಯ ಆಚೆ ದಡದಲ್ಲಿ ಬಲೆ ಹೆಣೆಯುತ್ತಿದ್ದವರಿಗೂ ವಿಷಯ ತಿಳಿಯಿತು.

"ಕಟ್ಟಡ! ಏ ಮೋಂಘಿ, ಕೇಳಿಸ್ಕೊಂಡ್ಯಾ? ಕಟ್ಟಡವಂತೆ! ನಾಳೆ ಒಂಟೆ ನೋಡಿ ಗುಡ್ಡ ಅಂತಾರೆ ಈ ಮುಂಡೇವು!"

ಮೇಲಿನಿಂದ ಅವನ ಹೆಂಡತಿ ಮೋಂಘಿಬೇನ್ ಇಣುಕಿದಳು. ಕೈಯೆಲ್ಲ ಸಜ್ಜೆ ಹಿಟ್ಟು. "ನೀವೇ ತಾನೇ ಬರೆದು ಕೊಟ್ಟಿದ್ದು, ಹಂಸಾನ ಬಾಪು?"

ಈ ಮಾತಿಗೆ ಖೀಮಜಿ ಕಿವುಡನಾದ. ಅವನು ಕಿವುಡನಾದ ಸ್ವಲ್ಪ ಹೊತ್ತಿನಲ್ಲಿ ನಾವು ವಿಷಯ ತಿಳಿದುಕೊಳ್ಳೋಣ.

ಕಚ್ಛದ ಕಡಲಂಚಿನ ಜೂನಾಬಂದರಿನಲ್ಲಿ ಮರದ ಹಡಗುಗಳನ್ನು ನದೀದಂಡೆಯ ಮೇಲೆಯೇ ಕಟ್ಟುತ್ತಾರೆ. 'ಫತೆ ಸಲಾಮತ್' ಕಟ್ಟಲು ಶುರುವಾಗಿ ಒಂಬತ್ತು ವರ್ಷವಾಗಿತ್ತು. ಎಂಜಿನ್ ಕಳಿಸುತ್ತೇನೆ ಅಂತ ದುಬೈಗೆ ಹೋದ ಸೇಠ್ ಈದಿಗೊಂದು ಶುಭಾಶಯ ಕಳಿಸುತ್ತಿದ್ದ, ಎಂಜಿನ್ ಮಾತ್ರ ಬಂದಿರಲಿಲ್ಲ. ಬಡಗಿಗಳೆಲ್ಲ ಬೇರೆ ಕೆಲಸಕ್ಕೆ ಹೋದರು. ಉಳಿದವನು ಖೀಮಜಿ ಒಬ್ಬ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ ನೀರು ಬಾರದಂತೆ ಮಾಡುವುದು ಅವನ ಕಸುಬು. ಬಿಸಿಲಿಗೆ ಹಲಗೆ ಒಣಗಿ ಸಂದಿ ಬಿಡುತ್ತದೆ, ಅವನು ತುರುಕುತ್ತಾನೆ; ಮತ್ತೆ ಬಿಡುತ್ತದೆ, ಮತ್ತೆ ತುರುಕುತ್ತಾನೆ. ಒಂಬತ್ತು ವರ್ಷ ಹೀಗೆ. ಕಾವಲಿಗೆಂದು ಹಡಗಿನಲ್ಲೇ ಸಂಸಾರ ಹೂಡಿದ. ಮಗಳು ಹಂಸಾಳ ಮದುವೆಯಾದದ್ದೂ ಅಲ್ಲಿಯೇ. ಬೇರೆ ಮನೆ ಅವರಿಗಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಪುರಸಭೆಗೆ ಇನ್ನೂ ಒಂಬತ್ತು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಆದರೆ ಮೋಂಘಿಯ ತಮ್ಮ ವಿಶ್ರಾಮ, ನಿಜವಾಗಿ ಆಫ್ರಿಕಾ ತೀರದವರೆಗೆ ಹೋಗಿಬರುವ ನಾವಿಕ, ಊರೊಳಗೆ ಒಂದಂತಸ್ತಿನ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಬಂದವರಿಗೆಲ್ಲ ಗೋಡೆ ತಟ್ಟಿ ತಟ್ಟಿ ತೋರಿಸಿದ. ಖೀಮಜಿಯ ಹೊಟ್ಟೆಗೆ ಅವತ್ತು ಸಿಹಿ ಲಾಪ್ಸಿಯೂ ಇಳಿಯಲಿಲ್ಲ. ಮರುದಿನವೇ ಗ್ಯಾಸ್ ಸಿಲಿಂಡರಿನ ಅರ್ಜಿಯಲ್ಲಿ ವಿಳಾಸದ ಜಾಗಕ್ಕೆ ದಪ್ಪ ಅಕ್ಷರದಲ್ಲಿ ಬರೆದ: "ಫತೆ ಸಲಾಮತ್, ಮೊದಲ ಮಹಡಿ, ನದಿಗೆ ಎದುರು." ವಿಳಾಸದ ಖಾತರಿಗೆಂದು ಅರ್ಜಿ ಪುರಸಭೆಗೆ ಹೋಯಿತು. ಮೊದಲ ಮಹಡಿ ಇದೆಯೆಂದರೆ ಕೆಳಗೊಂದು ನೆಲ ಅಂತಸ್ತೂ ಇರಬೇಕು, ಅದಕ್ಕೆ ಅನುಮತಿ ಎಲ್ಲಿ ಎಂದು ಪುರಸಭೆ ಕೇಳಿತು. ಪುರಸಭೆಯ ಇತಿಹಾಸದಲ್ಲಿ ಅದು ತರ್ಕಬದ್ಧವಾಗಿ ಕೇಳಿದ ಮೊದಲ ಪ್ರಶ್ನೆ.

ನೋಟೀಸು ಕಿತ್ತುಕೊಂಡು ಖೀಮಜಿ ಪುರಸಭೆಗೆ ನುಗ್ಗಿದ. ಅಲ್ಲಿ ಕಟ್ಟಡಗಳ ಸಾಹೇಬ ಅಂತಾಣಿ ಚಹಾ ತಟ್ಟೆಗೆ ಸುರಿದುಕೊಂಡು ಊದುತ್ತಿದ್ದ.

"ಸಾಹೇಬ, ಅದು ಹಡಗು!"

"ಒಳಗೆ ಒಲೆ ಇದೆಯೇನಪ್ಪಾ?"

"ಇದೆ."

"ತುಳಸಿಗಿಡ?"

"ಇದೆ, ಆದ್ರೆ..."

"ಬಟ್ಟೆ ಒಣಗೋ ಹಗ್ಗ? ದೇವರ ಗೂಡು? ನೆಂಟರು ಬರ್ತಾರಾ?"

"ಬರ್ತಾರೆ. ಬಂದ್ರೆ ಹೋಗೋದೇ ಇಲ್ಲ."

"ಹಾಗಿದ್ರೆ ಮನೆ," ಎಂದು ಅಂತಾಣಿ ಚಹಾ ಸೊರ್ರನೆ ಹೀರಿದ. "ಹಡಗು ಅಂತ ಬಂದರು ಕಚೇರಿಯಿಂದ ಕಾಗದ ತಗೊಂಬಾ. ನನಗೇನು, ಕೆಡವೋ ಆಸೆ ಇಲ್ಲ."

ಬಂದರು ಕಚೇರಿಯ ಸೋಢಾ ಸಾಹೇಬನಿಗೆ ದೊಡ್ಡ ಮೀಸೆ, ಸಣ್ಣ ಸಹನೆ. ಖೀಮಜಿಯ ಮಾತು ಅರ್ಧ ಕೇಳಿ ಕೈಯೆತ್ತಿದ. "ನೋಡು ಭಾಯ್, ತೇಲೋದೆಲ್ಲ ನನ್ನ ಇಲಾಖೆ. ನಿಂತಿರೋದೆಲ್ಲ ಪುರಸಭೆದು. ನಿಂದು ಒಂಬತ್ತು ವರ್ಷದಿಂದ ನಿಂತಿದೆ."

"ನಿಂತ್ರೆ ಏನಾಯ್ತು? ಕೋಳಿ ಹಾರಲ್ಲ, ಹಾಗಂತ ಅದನ್ನ ಆಡು ಅಂತೀರಾ?"

"ಆಡಿನ ಇಲಾಖೆ ಬೇರೆ," ಎಂದ ಸೋಢಾ.

ಅತ್ತ ದರಿ ಇತ್ತ ಪುಲಿ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ದರಿಯೂ ಪುಲಿಯೂ ಒಂದರ ಬಾಗಿಲಿಗೆ ಇನ್ನೊಂದು ಕಳಿಸುತ್ತವೆ ಎಂಬುದನ್ನು ಅವರು ಹೇಳಿರಲಿಲ್ಲ. ಖೀಮಜಿ ನಾಲ್ಕು ಸಲ ಅತ್ತಿತ್ತ ಓಡಾಡಿ, ಎರಡೂ ಕಡೆ ಮೇಜು ಗುದ್ದಿ, ಕೊನೆಗೆ ಒಂದು ಗೆಲುವು ಸಂಪಾದಿಸಿದ. ಇಬ್ಬರು ಸಾಹೇಬರೂ ಒಟ್ಟಿಗೆ ಬಂದು ನೋಡುವುದು, ನೋಡಿದ ಕೂಡಲೇ ಸ್ಥಳದಲ್ಲೇ ತೀರ್ಮಾನ ಹೇಳುವುದು.

ಗೆದ್ದು ಹೊರಬಂದ ಮೇಲೆ ಅವನ ಎದೆ ಧಸಕ್ಕೆಂದಿತು. ಸಾಹೇಬರು ಬಂದು ಹಡಗಿನ ಪ್ರಶ್ನೆ ಕೇಳುತ್ತಾರೆ. ಖೀಮಜಿಗೆ ಹಲಗೆ, ಹತ್ತಿ, ಎಣ್ಣೆ ಬಿಟ್ಟರೆ ಹಡಗಿನ ಒಂದು ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಏಳು ತಲೆಮಾರಿನಿಂದ ಸಮುದ್ರಕ್ಕೆ ಹೋದ ಖಾರ್ವಾ ಕುಲದವನು ಅವನು. ಖಾರ್ವಾ ಎಂದರೇ ನಾವಿಕ. ಆದರೆ ಅವನು ಸಮುದ್ರಕ್ಕೆ ಹೋದವನಲ್ಲ. ತೀರಿಹೋದ ತಾಯಿ ತಲೆಯ ಮೇಲೆ ಕೈಯಿಡಿಸಿ ಆಣೆ ಹಾಕಿಸಿಕೊಂಡಿದ್ದಳು, ಅದಕ್ಕೇ ಹೋಗಲಿಲ್ಲ ಎಂದು ಊರಿಗೆಲ್ಲ ಹೇಳಿದ್ದ. ಹೇಳುವಾಗ ಕಣ್ಣಂಚು ಒದ್ದೆಯಾಗುತ್ತಿತ್ತು. ಮೋಂಘಿಯೂ ಅದನ್ನೇ ನಂಬಿದ್ದಳು.

ನಿಜ ಗೊತ್ತಿದ್ದವರಲ್ಲಿ ಊರಲ್ಲಿ ಉಳಿದವನು ಒಬ್ಬನೇ: ದೇವಶೀ ಮಾಲಮ್. ಮಾಲಮ್ ಎಂದರೆ ನಕ್ಷತ್ರ ನೋಡಿ ಹಡಗಿಗೆ ದಾರಿ ಹೇಳುವವನು. ಮೂವತ್ತೈದು ವರ್ಷದ ಹಿಂದೆ ಹದಿನೇಳರ ಖೀಮಜಿಯನ್ನು ಮೊದಲ ಯಾನಕ್ಕೆ ಕರೆದುಕೊಂಡು ಹೋದವನು ಅವನೇ. ಖೀಮಜಿ ದಡ ಕಣ್ಮರೆಯಾಗುವ ಮೊದಲೇ ವಾಂತಿ ಶುರುಮಾಡಿದ. ಮೂರು ದಿನ ಅದೇ ಕೆಲಸ. ಮುಂದಿನ ಬಂದರಿನಲ್ಲಿ ಮಾಲಮ್ ಅವನನ್ನು ಎತ್ತಿ ಇಳಿಸಿ, "ಇವನು ಖಾರ್ವಾ ಅಲ್ಲ ಕಣ್ರೋ, ಸರಕು. ಬಸ್ಸಿಗೆ ಹಾಕಿ ಕಳಿಸಿ" ಎಂದಿದ್ದ. ಅವತ್ತು ಅಂದದ್ದು ಅಷ್ಟೇ. ಆಮೇಲೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಖೀಮಜಿ ಆ ಉಪಕಾರಕ್ಕೆ ಮೂವತ್ತೈದು ವರ್ಷ ಅವನ ಬೀದಿಯನ್ನೇ ತಪ್ಪಿಸಿ ಓಡಾಡಿದ್ದ.

ಈಗ ಅದೇ ಬೀದಿಗೆ ಹೋಗಬೇಕಾಯಿತು. ಎಂಬತ್ತೆಂಟರ ಮುದುಕ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಕಾಕಾ, ನನಗೆ ಹಡಗಿನ ಮಾತು ಕಲಿಸಬೇಕು."

"ಬಾರೋ ಸರಕೇ," ಎಂದ ಮಾಲಮ್. "ಸಾಹೇಬರು ಯಾವತ್ತು ಬರ್ತಾರೆ?"

"ದಿನ ನಾನೇ ಹೇಳ್ಬೇಕಂತೆ."

ಮುದುಕ ಬೆರಳು ಮಡಿಸಿ ಏನೋ ಎಣಿಸಿದ. "ನಾರಿಯೇಳಿ ಪೂನಮ್ ಹುಣ್ಣಿಮೆ ಮಾರನೇ ದಿನ, ಮಧ್ಯಾಹ್ನ ಹನ್ನೆರಡಕ್ಕೆ ಅಂತ ಹೇಳು. ಒಂದು ನಿಮಿಷ ಮುಂಚೆ ಬೇಡ. ಇನ್ನೊಂದು ಕೆಲಸ. ಹಡಗಿನ ಸುತ್ತ ಮರಳು ತುಂಬ್ಕೊಂಡಿದೆ. ಗೋಡೆಗೆ ಜಗಲಿ ಕಟ್ಟಿದ ಹಾಗೆ ಕಾಣುತ್ತೆ. ತೋಡಿ ತೆಗಿ. ನದಿ ಕಡೆಗೂ ಒಂದು ಕಾಲುವೆ ಬಿಡು, ಚೊಕ್ಕಟವಾಗಿರ್ಲಿ."

"ನಾನು ಮಾತು ಕೇಳೋಕೆ ಬಂದ್ರೆ ನೀವು ಸಲಿಕೆ ಕೊಡ್ತೀರಲ್ಲ ಕಾಕಾ!"

"ತೋಡೋ!"

ಖೀಮಜಿ ತೋಡಿದ. ಬೆಳಿಗ್ಗೆ ಮರಳು, ಸಂಜೆ ಪಾಠ. ಎರಡನ್ನೂ ಉರಿದುಕೊಂಡೇ ಮಾಡಿದ. ಪಾಠಕ್ಕೆ ಮಾಲಮ್ ಕೋಲೂರಿಕೊಂಡು ಹಡಗಿಗೇ ಬರುತ್ತಿದ್ದ. ಮೊದಲ ದಿನವೇ ಕೋಲಿನಿಂದ ಹಲಗೆ ಕುಟ್ಟಿ ಕಾನೂನು ಹೇಳಿದ: "ಒಂದೇ ಒಂದು ಮನೆ ಮಾತು ಬಾಯಿಂದ ಬಿತ್ತೋ, ಮನೆ ಆಗಿಹೋಯ್ತು ಅಂತ ತಿಳ್ಕೊಳ್ಳಿ. ಇದು ಏನು?"

"ನೆಲ," ಎಂದಳು ಮೋಂಘಿ.

"ತೂತಕ್! ಹಡಗಿನ ಮೇಲ್ಮೈಗೆ ತೂತಕ್ ಅಂತಾರೆ. ಮುಂದೆ ಚೂಪಗಿರೋದು ಮೋರೋ. ಕೆಳಗೆ ಈ ತುದಿಯಿಂದ ಆ ತುದಿಗೆ ಬೆನ್ನೆಲುಬಿನ ಹಾಗೆ ಒಂದೇ ಮರ ಮಲಗಿದೆಯಲ್ಲ, ಅದು ಪಠಾಣ್. ಅದ್ರ ಮೇಲೇ ಎಲ್ಲ ನಿಂತಿರೋದು. ನೀನು ಬಟ್ಟೆ ಹಾಕಿದ್ದೀಯಲ್ಲ, ಅದು?"

"ಹಗ್ಗ."

"ಹಡಗಿನಲ್ಲಿ ಹಗ್ಗ ಅನ್ನೋದೇ ಇಲ್ಲ! ಒಂದೊಂದಕ್ಕೂ ಒಂದೊಂದು ಹೆಸರು. ಹಾಯಿಯ ಮೂಲೆ ಎಳೆದು ಕಟ್ಟೋದು ದಾಮನ್. ನಿನ್ನ ಸೀರೆ ದಾಮನ್ ಮೇಲಿದೆ."

"ಹಾಯಿ ಎಲ್ಲಿದೆ ಕಾಕಾ?"

"ಸೀರೇನೇ ಹಾಯಿ. ವಾದ ಮಾಡ್ಬೇಡ. ಎಡ ಬಲ ಅಂತಾನೂ ಹೇಳಂಗಿಲ್ಲ. ಗಾಳಿ ಬರೋ ಕಡೆ, ಗಾಳಿ ಹೋಗೋ ಕಡೆ, ಎರಡೇ."

ಅಳಿಯ ಅಲ್ಲ ಮಗಳ ಗಂಡ ಎಂಬ ಗಾದೆಯನ್ನು ಮೋಂಘಿ ಎಂಟೇ ದಿನದಲ್ಲಿ ಶಾಸ್ತ್ರದ ಮಟ್ಟಕ್ಕೆ ಏರಿಸಿದಳು. ಅವಳಿಗೆ ಮಾತು ತಟ್ಟನೆ ಹತ್ತುತ್ತಿತ್ತು. ಖೀಮಜಿಗೆ ಸಿಟ್ಟು ಹತ್ತುತ್ತಿತ್ತು. ಊಟಕ್ಕೆ ಕೂತು ಮಜ್ಜಿಗೆ ಎಲ್ಲಿ ಎಂದರೆ, "ಗಾಳಿ ಹೋಗೋ ಕಡೆ" ಎನ್ನುತ್ತಿದ್ದಳು. ಅವನು ಅತ್ತ ಕೈ ಚಾಚುವಷ್ಟರಲ್ಲಿ ಗಾಳಿ ತಿರುಗಿರುತ್ತಿತ್ತು. ಮಜ್ಜಿಗೆಯ ಜಾಗದಲ್ಲಿ ಬೆಕ್ಕು ಕೂತಿರುತ್ತಿತ್ತು.

"ಕೈಗೆ ಕೊಡೇ ಮಹಾತಾಯಿ!"

"ನಾನೀಗ ಭಂಡಾರಿ. ಹಡಗಿನ ಅಡುಗೆಯವಳು. ಕೂಗಾಡಿದ್ರೆ ಭಂಡಾರ ಮುಚ್ತೀನಿ."

ಕಡಲಿಗೆ ತೆಂಗಿನಕಾಯಿ ಒಪ್ಪಿಸುವ ಆ ಪೂನಮ್ ಮುಗಿಯುವತನಕ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ. ಹೀಗಾಗಿ ಊರ ತುಂಬ ಕೆಲಸವಿಲ್ಲದ ನಾವಿಕರು. ಸಂಜೆಯಾದರೆ ದಾಬೇಲಿ ತಿಂಡಿ ಕಟ್ಟಿಸಿಕೊಂಡು ನದೀದಂಡೆಗೆ ಬಂದು ಪಾಠ ಕೇಳುತ್ತ ಕೂರುತ್ತಿದ್ದರು. ವಿಶ್ರಾಮನಂತೂ ದಿನವೂ ಮುಂದಿನ ಸಾಲು. "ಭಾವ, ಪಠಾಣ್ ಅಂದ್ರೇನು?" ಎಂದು ಕೂಗುವನು. ಖೀಮಜಿ ತಡವರಿಸುವನು. ಮೇಲಿನಿಂದ ಮೋಂಘಿ ಉತ್ತರ ಎಸೆಯುವಳು. ಚಪ್ಪಾಳೆ.

"ಏಳು ತಲೆಮಾರಿನ ಖಾರ್ವಾ ನಾನು! ನನಗೆ ಪಠಾಣ್ ಹೇಳಿಕೊಡ್ತಾನೆ! ತಾಯಿ ಆಣೆ ಇಲ್ದಿದ್ರೆ ಇಷ್ಟರಲ್ಲಿ ನಾಖುದಾ ಆಗಿರ್ತಿದ್ದೆ!" ಎಂದು ಖೀಮಜಿ ಸಲಿಕೆ ಝಳಪಿಸಿದ. ಹಡಗಿನ ಯಜಮಾನನೇ ಆಗಿಬಿಡುತ್ತಿದ್ದೆ ಎಂದು ಅವನು ಹೇಳಿದ್ದನ್ನು ಕೇಳಿ, ಹಿಂದೆ ಬೀಡಿ ಸೇದುತ್ತಿದ್ದ ಮಾಲಮಿಗೆ ಕೆಮ್ಮು ಬಂತು.

ಪೂನಮಿನ ಮಾರನೇ ದಿನ ಹನ್ನೆರಡಕ್ಕೆ ಸರಿಯಾಗಿ ಸಾಹೇಬರಿಬ್ಬರೂ ಬಂದರು. ಮೇಲೆ ಬೆಟ್ಟದ ಕಡೆ ಎರಡು ದಿನದಿಂದ ಮಳೆಯಾಗಿ ನದಿ ಕೆಂಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಅರ್ಧ ಊರು ಸೇರಿತ್ತು.

"ಬೂಟು ಬಿಚ್ಚಿ ಹತ್ತಬೇಕು ಸಾಹೇಬ," ಎಂದು ಖೀಮಜಿ ಏಣಿಗೆ ಅಡ್ಡ ನಿಂತ. "ಚಪ್ಪಲಿ ಕಾಲಲ್ಲಿ ಹಡಗು ಹತ್ತಂಗಿಲ್ಲ."

"ಮನೆ ಒಳಗೂ ಹೋಗಂಗಿಲ್ಲ," ಎಂದ ಅಂತಾಣಿ. ಆದರೂ ಬಿಚ್ಚಿದ. ಕಾಲುಚೀಲದ ತೂತಿನಿಂದ ಸರ್ಕಾರಿ ಹೆಬ್ಬೆರಳು ಹೊರಗೆ ನೋಡಿತು. ಹೊಸ ಕರಿ ಬೂಟುಗಳನ್ನು ಏಣಿಯ ಬುಡದಲ್ಲಿ ಜೋಡಿಸಿಟ್ಟು ಹತ್ತಿದ.

ವಿಚಾರಣೆ ತೂತಕ್ ಮೇಲೆ ಶುರುವಾಯಿತು. ಅಂತಾಣಿ ಒಲೆ ತೋರಿಸಿ, "ಇದು ಅಡುಗೆಮನೆ ತಾನೇ ಬೇನ್?" ಎಂದು ಜೇನಿನಂಥ ದನಿಯಲ್ಲಿ ಕೇಳಿದ.

"ಭಂಡಾರ ಸಾಹೇಬ. ನಾನು ಭಂಡಾರಿ."

"ಈ ಕಂಬಕ್ಕೆ ದೇವರ ಪಟ ಹೊಡೆದಿದ್ದೀರಿ..."

"ಕಂಬ ಅಲ್ಲ ಸಾಹೇಬ, ಕೂವಾಥಂಭ. ಹಾಯಿ ಏರೋದು ಅದ್ರ ಮೇಲೇ. ಗಾಳಿ ಕೈಬಿಟ್ಟಾಗ ದೇವರು ಅಲ್ಲೇ ಇರ್ಬೇಕು."

ದಂಡೆಯಿಂದ ಶಿಳ್ಳೆ ಬಂತು. ಸೋಢಾ ಮೀಸೆಯಡಿಯಲ್ಲಿ ನಕ್ಕ. ಅಂತಾಣಿ ತುಳಸಿಗಿಡದ ಕಡೆ ತಿರುಗಿದ. "ಇದಕ್ಕೇನಂತೀರಿ?"

"ತುಳಸಿಗೆ ಸಮುದ್ರದಲ್ಲೂ ತುಳಸಿ ಅಂತಾನೇ ಅಂತಾರೆ," ಎಂದಳು ಮೋಂಘಿ. ಅಂತಾಣಿಯ ಪೆನ್ನು ಅಲ್ಲಾಡಿತು. ಕಾಗದದ ಮೇಲೆ 'ಹಡಗು' ಎಂಬುದರ ಮೊದಲಕ್ಷರ ಮೂಡುವಂತಿತ್ತು.

ಅಷ್ಟರಲ್ಲಿ ಕೆಳಗಿನಿಂದ ಒಂದು ಕಂಚಿನ ಕಂಠ ಮೊಳಗಿತು.

"ಖೀಮಜಿಭಾಯ್! ಮೊದಲ ಮಹಡೀ! ಗ್ಯಾಸ್!"

ಗ್ಯಾಸಿನವನು ಭುಜದ ಮೇಲೆ ಸಿಲಿಂಡರ್ ಹೊತ್ತು ನಿಂತಿದ್ದ. ಎರಡು ತಿಂಗಳಿಂದ ಬಾರದಿದ್ದವನು ಅವತ್ತು, ಆ ಗಳಿಗೆಯಲ್ಲಿ, ಬಂದಿದ್ದ.

"ಮೊದಲ ಮಹಡಿ," ಎಂದು ಅಂತಾಣಿ ತಟ್ಟೆಯ ಚಹಾ ಊದಿದಷ್ಟೇ ಮೆಲ್ಲಗೆ ಹೇಳಿದ. "ಸೋಢಾ ಸಾಹೇಬರೇ, ಹಡಗಿಗೆ ಮಹಡಿ ಇರುತ್ತಾ?"

"ಇರಲ್ಲ," ಎಂದ ಸೋಢಾ. "ಖೀಮಜಿ, ನೀನೇ ಬರೆದು ಕೊಟ್ಟಿದ್ದೇನಯ್ಯಾ?"

ಖೀಮಜಿಯ ಒಂಬತ್ತು ವರ್ಷದ ಸಿಟ್ಟೂ ಒಂದೇ ಸಲ ಗಂಟಲಿಗೆ ಬಂತು. "ಬರೆದೆ! ಏನೀಗ? ಬಾಮೈದ ಗೋಡೆ ತಟ್ಟಿ ತೋರಿಸ್ದ, ನಾನು ಬರೆದೆ! ಒಂದು ಗೆರೆ ಬರೆದಿದ್ದಕ್ಕೆ ಹಡಗು ಒಡೀತೀರಾ? ಬಂದರಿನವರಿಗೆ ನಿಂತ್ರೆ ಹಡಗಲ್ಲ, ಪುರಸಭೆಗೆ ತುಳಸಿ ಇದ್ರೆ ಮನೆ! ಈ ಒಂದೊಂದು ಸಂದಿಯಲ್ಲೂ ನನ್ನ ಕೈ ಇದೆ ಸಾಹೇಬ! ಕೆಡವಿ ನೋಡೋಣ! ನಾನು ಇಲ್ಲಿಂದ ಇಳಿಯಲ್ಲ! ಏಳು ತಲೆಮಾರಿನ ಖಾರ್ವಾ ನಾ..."

ಅವನು ನಿಂತ. ಮುಖದ ಬಣ್ಣ ಹೋಯಿತು. ಬಾಯಿ ತೆರೆದ, ಮುಚ್ಚಿದ. ಮೋಂಘಿ ಹೆದರಿ, "ಹಂಸಾನ ಬಾಪು, ಏನಾಯ್ತು?" ಎಂದಳು.

ಅವನಿಗೆ ಏನಾಗುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಮೂವತ್ತೈದು ವರ್ಷದ ಹಿಂದೆ ಮೂರು ದಿನ ಆದದ್ದೇ ಅದು. ಅಂಚಿಗೆ ಓಡಿ, ಊರೆಲ್ಲ ನೋಡುತ್ತಿದ್ದಂತೆ, ಬಾಮೈದ ನೋಡುತ್ತಿದ್ದಂತೆ, ಸಜ್ಜೆರೊಟ್ಟಿ ಮಜ್ಜಿಗೆಗಳನ್ನೆಲ್ಲ ಹೊರಗೆ ಹಾಕಿದ. ಏಳು ತಲೆಮಾರಿನ ಮಾನವೂ ಜೊತೆಗೇ ಹೋಯಿತು ಅಂತ ಅವನಿಗನ್ನಿಸಿತು. ನಾಚಿಕೆಯಿಂದ ಸತ್ತೇಹೋದರೆ ಸಾಕು ಅನ್ನಿಸಿತು.

"ಉಷ್ಣ ಇರ್ಬೇಕು," ಎಂದ ಅಂತಾಣಿ.

"ಉಷ್ಣವೂ ಅಲ್ಲ ಶೀತವೂ ಅಲ್ಲ," ಎಂದು ಬೆಳಿಗ್ಗೆಯಿಂದ ತೂತಕ್ ಮೇಲೆ ಕೂತಿದ್ದ ದೇವಶೀ ಮಾಲಮ್ ಕೂವಾಥಂಭ ಹಿಡಿದು ಎದ್ದು ನಿಂತ. ಅವನ ಮುದಿ ದನಿ ಆಚೆ ದಡಕ್ಕೂ ಕೇಳಿಸಿತು. "ಸಾಹೇಬರೇ, ಮೂವತ್ತೈದು ವರ್ಷದ ಹಿಂದೆ ಇವನನ್ನ ಸಮುದ್ರಕ್ಕೆ ಕರ್ಕೊಂಡು ಹೋದವನು ನಾನು. ಈ ಮನುಷ್ಯ ಬಸ್ಸಿನಲ್ಲಿ ವಾಂತಿ ಮಾಡಲ್ಲ, ಒಂಟೆ ಮೇಲೆ ಮಾಡಲ್ಲ, ಮದುವೆ ಊಟ ಎರಡು ಸಲ ಉಂಡ್ರೂ ಮಾಡಲ್ಲ. ತೇಲೋ ಹಡಗಿನ ಮೇಲೆ ಮಾತ್ರ ಮಾಡ್ತಾನೆ. ಕಾಲಡಿ ನೋಡ್ಕೊಳ್ಳಿ."

ಎಲ್ಲರೂ ಕಾಲಡಿ ನೋಡಿದರು. ತೂತಕ್ ಬಲು ನಿಧಾನವಾಗಿ, ಎರಡು ಬೆರಳಿನಷ್ಟು ಏರಿ, ಎರಡು ಬೆರಳಿನಷ್ಟು ಇಳಿಯಿತು. ದಾಮನ್ ಮೇಲಿನ ಸೀರೆ ತೂಗಿತು. ಪೂನಮಿನ ದೊಡ್ಡ ಉಬ್ಬರವೂ ಬೆಟ್ಟದ ನೀರೂ ಸೇರಿ, ಖೀಮಜಿ ತೋಡಿದ ಕಾಲುವೆ ಹಿಡಿದು ಬಂದು, ಅವನು ಮರಳು ತೆಗೆದ ಹಳ್ಳ ತುಂಬಿ, ಎಂಜಿನ್ ಇಲ್ಲದ ಹಗುರ ಹಡಗನ್ನು ಎತ್ತಿಕೊಂಡಿದ್ದವು. ಮುದುಕ ಬೆರಳು ಮಡಿಸಿ ಎಣಿಸಿದ್ದು ಇದನ್ನು.

"ನನ್ನ ಬೂಟು!" ಎಂದು ಅಂತಾಣಿ ಕಿರುಚಿದ. ಕರಿ ಬೂಟುಗಳೆರಡೂ ಒಂದರ ಹಿಂದೊಂದು, ದಂಪತಿಯಂತೆ, ನದಿಯ ನಡುವಿಗೆ ಹೊರಟಿದ್ದವು.

ಸೋಢಾ ಮೀಸೆ ತೀಡಿದ. "ತೇಲೋದೆಲ್ಲ ನನ್ನ ಇಲಾಖೆ ಅಂತಾಣಿ ಸಾಹೇಬರೇ. ನಿಮ್ಮ ಬೂಟು ಈಗ ನನ್ನ ವ್ಯಾಪ್ತಿಗೆ ಬಂತು. ಈ ಹಡಗೂ ಬಂತು."

ದಂಡೆಯಲ್ಲಿ ಡೋಲು ಎಲ್ಲಿಂದ ಬಂತೋ ಏನೋ, ಬಡಿಯತೊಡಗಿತು. ಅಂತಾಣಿ ಪೆಚ್ಚು ಮುಖ ಮಾಡಿಕೊಂಡು ವರದಿ ಬರೆದ: "ಸ್ಥಳದಲ್ಲಿ ಒಬ್ಬನಿಗೆ ಸಮುದ್ರಬಾಧೆ ಉಂಟಾದದ್ದನ್ನು ಖುದ್ದಾಗಿ ಕಂಡೆವು. ಆದ್ದರಿಂದ ಇದು ಹಡಗು." ಸೋಢಾ ತನ್ನ ಕಾಗದ ತೆಗೆದ. ಹಡಗೆಂದ ಮೇಲೆ ಅದರಲ್ಲಿ ಇರುವವರ ಹೆಸರೂ ಹುದ್ದೆಯೂ ಬೇಕು. ಹುದ್ದೆಯಿಲ್ಲದವರು ಇಳಿಯಬೇಕು.

"ಮೋಂಘಿಬೇನ್, ಭಂಡಾರಿ. ಸರಿ. ಖೀಮಜಿಭಾಯ್..." ಸೋಢಾ ತಡೆದ. "ಪಠಾಣ್ ಗೊತ್ತಿಲ್ಲ, ದಾಮನ್ ಗೊತ್ತಿಲ್ಲ ಅಂತಾರೆ ಊರವರು, ವಾಂತಿ ಬೇರೆ. ಪ್ರಯಾಣಿಕ ಅಂತ ಬರೀಲಾ? ಭಂಡಾರಿ ಕಡೆಯ ನೆಂಟ ಅಂತ ಇರ್ಲಿ."

ಮಂಕಾಗಿ ಅಂಚಿಗೆ ಒರಗಿ ಕೂತಿದ್ದ ಖೀಮಜಿ ಬೆಂಕಿ ತಗುಲಿದವನಂತೆ ತಲೆಯೆತ್ತಿದ. "ಪ್ರಯಾಣಿಕ? ನನ್ನ ಹಡಗಿನಲ್ಲಿ ನಾನು ಪ್ರಯಾಣಿಕ?" ಎಂದವನು ಮತ್ತೆ ಅಂಚಿನಾಚೆ ಬಾಗಿದ.

ದೇವಶೀ ಮಾಲಮ್ ಕೋಲೂರಿಕೊಂಡು ಒಳಗಿನ ಏಣಿ ಇಳಿದ. ಎಂಬತ್ತೆಂಟರ ಮುದುಕ ಕತ್ತಲ ಹೊಟ್ಟೆಯೊಳಗೆ ಇಳಿದು, ಮಂಡಿಯೂರಿ, ಪಠಾಣ್ ಉದ್ದಕ್ಕೂ ತಡವುತ್ತ ಹೋದದ್ದು ಮೇಲಿನವರಿಗೆ ಸದ್ದಿನಿಂದಲೇ ತಿಳಿಯುತ್ತಿತ್ತು. ಒಂಬತ್ತು ವರ್ಷ ಬಿಸಿಲಲ್ಲಿ ನಿಂತ ಹಡಗು ನೀರು ಮುಟ್ಟಿದ ಮೊದಲ ದಿನ ಕೊಡಗಟ್ಟಲೆ ಸೋರಲೇಬೇಕು. ಅದು ಊರಿನ ಪ್ರತಿ ನಾವಿಕನಿಗೂ ಗೊತ್ತು. ಡೋಲಿನವನು ಬಡಿಯುವುದನ್ನು ನಿಲ್ಲಿಸಿದ. ವಿಶ್ರಾಮ ಕೂಡ ಕತ್ತು ಚಾಚಿದ.

ಮಾಲಮ್ ಹತ್ತಿ ಬಂದ. ಏದುಸಿರು ಬಿಡುತ್ತ ಎರಡೂ ಅಂಗೈ ಎತ್ತಿ ಎಲ್ಲರಿಗೂ ತೋರಿಸಿದ. ಧೂಳಿತ್ತು, ಎಣ್ಣೆಯ ಜಿಡ್ಡಿತ್ತು. ನೀರಿನ ಹನಿ ಇರಲಿಲ್ಲ.

"ಬರ್ಕೊಳ್ಳಿ ಸಾಹೇಬ," ಎಂದ. "ಖೀಮಜಿ. ಖಾರ್ವಾ."

ಖೀಮಜಿಗೆ ಕಣ್ಣು ತುಂಬಿ ಬಂತು. ಈ ಸಲ ತಾಯಿಯ ಆಣೆಯ ಕಥೆಯಿಲ್ಲದೆಯೇ ಬಂತು. ಮೋಂಘಿ ಸೆರಗಿನಿಂದ ಅವನ ಬಾಯಿ ಒರೆಸಿದಳು. ಆಮೇಲೆ ಅವನಿಗೆ ಹಳೆಯ ಅಭ್ಯಾಸ ಮರುಕಳಿಸಿತು. "ಇಷ್ಟು ಹೇಳೋಕೆ ಮೂವತ್ತೈದು ವರ್ಷ ಬೇಕಾಯ್ತಾ ಕಾಕಾ?" ಎಂದು ಸಿಡುಕಿದ.

"ನೀನು ಮರಳು ತೋಡೋಕೆ ಮೂವತ್ತೈದು ವರ್ಷ ತಗೊಂಡೆ," ಎಂದ ಮುದುಕ.

ಕೆಳಗೆ ಗ್ಯಾಸಿನವನು ಸೊಂಟದವರೆಗಿನ ನೀರಿನಲ್ಲಿ ಸಿಲಿಂಡರ್ ಹೊತ್ತು ನಿಂತೇ ಇದ್ದ. ಅವನನ್ನು ಎಲ್ಲರೂ ಮರೆತಿದ್ದರು. "ಅಣ್ಣಾ, ಯಾವ ಮಹಡಿಗೆ ಹಾಕ್ಲಿ, ಬೇಗ ಹೇಳಿ!" ಎಂದು ಕೂಗಿದ.

ಖೀಮಜಿ ಅಂಚು ಹಿಡಿದು ಎದ್ದು ನಿಂತ. ಹಡಗು ಮೆಲ್ಲಗೆ ತೂಗುತ್ತಿತ್ತು.

"ಮಹಡಿ ಅಂತೀಯೇನೋ ಹಡಗಿಗೆ, ಮಾನ ಇಲ್ವಾ ನಿಂಗೆ?" ಎಂದು ಗದರಿದ. "ಗಾಳಿ ಬರೋ ಕಡೆಯಿಂದ ಬಾ. ತೂತಕ್ ಮೇಲಿಡು."

ಇಷ್ಟು ಹೇಳಿ ಅವನು ಗಾಳಿ ಹೋಗುವ ಕಡೆಯ ಅಂಚಿಗೆ ಓಡಿದ.